ರೊಟ್ಟಿ ಬಡಿಯುವವಳ ಎರಡು ಲಾರಿ

ಗಣಿ ಧೂಳು ಬಳ್ಳಾರಿಯ ಹಿತ್ತಿಲಲ್ಲಿ ಒಣಹಾಕಿದ ಬಿಳಿ ಬಟ್ಟೆಯನ್ನೂ ಕೆಂಪು ಮಾಡುತ್ತಿದ್ದ ಆ ವರ್ಷಗಳಲ್ಲಿ ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಗುತ್ತಿಗೆ ಎಂದರೆ ಸಾಹೇಬರ ಎದುರು ಕುರ್ಚಿ ಖಾಲಿಯಿದ್ದರೂ ನಿಂತೇ ಇರಬೇಕಾದ ಕೆಲಸ. ಅಲ್ಲಿ ನನಗಿದ್ದ ಒಂದೇ ಹೆಮ್ಮೆ, ನಾನೇ ಬರೆದ ಒಂದು ಸಣ್ಣ ಪ್ರೋಗ್ರಾಂ. ಬಡವರ ರೇಷನ್ ಕಾರ್ಡಿನ ಪಟ್ಟಿಯನ್ನೂ ವಾಹನ ಮಾಲೀಕರ ಪಟ್ಟಿಯನ್ನೂ ಅದಕ್ಕೆ ಕೊಟ್ಟರೆ ಸಾಕು, ಎರಡರಲ್ಲೂ ಇದ್ದವರನ್ನು ಹೆಕ್ಕಿ ತೆಗೆಯುತ್ತಿತ್ತು. ಹೆಸರು, ತಂದೆಯದೋ ಗಂಡನದೋ ಹೆಸರು, ಮನೆ ವಿಳಾಸ ಮೂರೂ ತಾಳೆಯಾದರೆ ಆ ಕಾರ್ಡಿನ ಮುಂದೆ ‘ಅನರ್ಹ’ ಎಂದು ಬೀಳುತ್ತಿತ್ತು. ಲಾರಿ ಇಟ್ಟುಕೊಂಡವನು ಬಡವರ ಅಕ್ಕಿ ತಿನ್ನಬಾರದು, ಅಷ್ಟೇ ನನ್ನ ತರ್ಕ. ಇದರಲ್ಲಿ ತಪ್ಪಿದ್ದರೆ ತೋರಿಸಿ ಎಂದು ಕಂಡಕಂಡವರಿಗೆಲ್ಲ ಸವಾಲು ಹಾಕುತ್ತಿದ್ದೆ.

ಮೊದಲು ಸಿರುಗುಪ್ಪದ ಪಟ್ಟಿ ಹಾಕಿದೆವು. ಮೊದಲ ಏಟಿಗೇ ಸಿಕ್ಕಿಬಿದ್ದವನು ಅಲ್ಲಿಯ ಒಬ್ಬ ಅಕ್ಕಿ ಗಿರಣಿಯ ಮಾಲೀಕ. ಗಿರಣಿ ತುಂಬ ತನ್ನದೇ ಅಕ್ಕಿ ಬಿದ್ದಿರುವಾಗಲೂ ಬಡವರ ಕಾರ್ಡು ಇಟ್ಟುಕೊಂಡಿದ್ದ ಪುಣ್ಯಾತ್ಮ. ಸಾಹೇಬರು ನನ್ನ ಬೆನ್ನು ತಟ್ಟಿ, “ನಿಮ್ಮನ್ನ ಕಾಯಂ ಮಾಡೂ ಫೈಲು ಮ್ಯಾಲ ಕಳಸ್ತೀನ್ರಿ” ಎಂದರು. ಅಂದು ಬ್ರೂಸ್‌ಪೇಟೆಯ ಸಂದಿಯಲ್ಲಿದ್ದ ನನ್ನ ಕೋಣೆಗೆ ನೆಲ ಮುಟ್ಟದಂತೆ ನಡೆದುಹೋದೆ.

ನನಗೆ ದಿನಾ ರೊಟ್ಟಿ ಕೊಡುತ್ತಿದ್ದವಳು ಒಬ್ಬ ವಿಧವೆ. ಸತ್ಯನಾರಾಯಣಪೇಟೆಯ ಲಾರಿ ಧಣಿಯೊಬ್ಬನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅದೇ ಮನೆಯ ಹಿಂದಿನ ಖೋಲಿಯಲ್ಲಿ ಇರುತ್ತಿದ್ದಳು. ಕಾರ್ಡಿನ ಅಕ್ಕಿಯನ್ನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೊತ್ತು ಕುರುಗೋಡಿನಲ್ಲಿದ್ದ ಕಣ್ಣು ಕಾಣದ ಅಕ್ಕನಿಗೆ ಕೊಟ್ಟು ಬರುತ್ತಿದ್ದಳು. ಕಚೇರಿಗೆ ಹೋಗುವಾಗ ನಾನು ಅವಳ ಬಾಗಿಲಲ್ಲಿ ನಿಂತು ಬುತ್ತಿ ಕಟ್ಟಿಸಿಕೊಳ್ಳುತ್ತಿದ್ದೆ. ಒಂದು ದಿನ ಅವಸರದಲ್ಲಿ ಹಾಗೇ ಓಡಿದ್ದಕ್ಕೆ ಹಿಟ್ಟಿನ ಕೈಯಲ್ಲೇ ಬೀದಿಯವರೆಗೆ ಬಂದು, “ಹೋಗಿ ಬಾ ತಮ್ಮಾ” ಎಂದು ಕೂಗಿ ಹೇಳಿದಳು. ಆ ಮಾತು ಹೇಳದೆ ಯಾರನ್ನೂ ಹೊಸ್ತಿಲು ದಾಟಿಸಬಾರದು ಎನ್ನುವುದು ಅವಳ ನೇಮ. ನಾನು ಅವಳನ್ನು ಅವ್ವಾ ಎನ್ನುತ್ತಿದ್ದೆ. ಎನ್ನುವುದಕ್ಕೇನು, ಬಾಯಿಮಾತು.

ಸಿರುಗುಪ್ಪದ ನಂತರ ಬಳ್ಳಾರಿಯ ಪಟ್ಟಿ ಹಾಕಿದೆ. ಮುಂದಿನ ತಿಂಗಳು ಅವಳು ಸೆರಗಿನಲ್ಲಿ ಕಾರ್ಡು ಸುತ್ತಿಕೊಂಡು ಕಚೇರಿಗೇ ಬಂದಳು.

“ಸೊಸೈಟ್ಯಾಗ ಅಕ್ಕಿ ಕೊಡವಲ್ರು ತಮ್ಮಾ. ಕಂಪ್ಯೂಟರಿನ್ಯಾಗ ಹೆಸರು ಹೊಡದಾರಂತ. ವಿಧವಾ ಪಗಾರನೂ ಬಂದಿಲ್ಲ.”

ಪಿಂಚಣಿಯವರೂ ನನ್ನ ಪಟ್ಟಿಯನ್ನೇ ಇಸಿದುಕೊಂಡು ಹೋಗಿದ್ದರು, ಅಷ್ಟು ಹೆಸರಾಗಿತ್ತು ಅದಕ್ಕೆ. ತೆರೆದು ನೋಡಿದರೆ ಅವಳ ಹೆಸರಿನಲ್ಲಿ ಎರಡು ಲಾರಿ.

“ಏನವ್ವಾ, ಎರಡು ಲಾರಿ ಮಾಲಕಿ! ನನಗೊಂದು ಡ್ರೈವರ್ ಕೆಲಸ ಕೊಡು” ಎಂದೆ. ಕಚೇರಿಯೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅವಳೂ ಏನೋ ತಮಾಷೆ ಇರಬೇಕೆಂದು ನಕ್ಕಳು.

ಆಮೇಲೆ ಹೇಳಿದಳು. “ಧಣ್ಯಾರು ಹೆಬ್ಬಟ್ಟು ಒತ್ತಿಸಿಕೊಂಡಿದ್ರಪ್ಪಾ. ನಿನಗ ಮನಿ ಮಂಜೂರ ಮಾಡಸ್ತೀನಿ ಅಂದ್ರು. ಲಾರಿ ಪೂಜಿ ದಿನ ನನ್ನ ಒಳಗ ಕುಂದ್ರು ಅಂದಿದ್ರು. ಗಂಡ ಇಲ್ಲದಾಕಿ ಎದುರಿಗೆ ಬಂದ್ರ ಗಾಡಿಗೆ ಒಳ್ಳೇದಾಗಂಗಿಲ್ಲಂತ.”

ತನ್ನದೇ ಹೆಸರಿನ ಲಾರಿಗೆ ಕಾಯಿ ಒಡೆಯುವಾಗ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಯವಳು, ಕಾವಲುಗಾರ, ಹಾಲು ಹಾಕುವವನು ಹೀಗೆ ಸಿಕ್ಕವರ ಹೆಸರಿನಲ್ಲಿ ಲಾರಿ ಮಾಡಿಸುವುದು ಆಗಿನ ಧಣಿಗಳ ರಿವಾಜು. ಯಾರದೆಷ್ಟು ಲಾರಿ ಅದಿರು ಹೊರುತ್ತವೆ ಎಂಬುದು ಹಾಗೆ ಮಾಡಿದರೆ ಕಾಗದದಲ್ಲಿ ಕಾಣುವುದಿಲ್ಲ. ಊರಿಗೆ ಊರೇ ಬಲ್ಲ ವಿಷಯ, ನನಗೂ ಗೊತ್ತಿತ್ತು. ಚಹಾದಂಗಡಿಯಲ್ಲಿ ಅದನ್ನೇ ಆಡಿಕೊಂಡು ನಕ್ಕವನು ಪ್ರೋಗ್ರಾಂ ಬರೆಯಲು ಕೂತಾಗ ಕಾಗದವನ್ನೇ ನಂಬಿದೆ.

ಲಾರಿ ತನ್ನದೆಂದು ಧಣಿ ಬರೆದುಕೊಟ್ಟರೆ ಹೆಸರು ಸೇರಿಸೋಣ ಎಂದರು ಸಾಹೇಬರು. ಅವಳು ಪಾಪ ಹೋಗಿ ಕೇಳಿದಳು. ಕೇಳಿದ ದಿನವೇ ಕೆಲಸವೂ ಹೋಯಿತು, ಖೋಲಿಯೂ ಹೋಯಿತು. ಗಂಟು ಹೊತ್ತು ಕುರುಗೋಡಿಗೆ, ಅಕ್ಕನ ಮನೆಗೆ ಹೋದವಳು ಅಲ್ಲಿಂದ ದಿನಾ ಬಸ್ಸಿಗೆ ಬಂದು ನಮ್ಮ ಕಚೇರಿಯ ವರಾಂಡದಲ್ಲಿ ಕೂರತೊಡಗಿದಳು.

ಹಾಗೆ ಕೂತಿದ್ದ ಒಂದು ದಿನ ಸಿರುಗುಪ್ಪದ ಗಿರಣಿ ಮಾಲೀಕ ಬಂದ. ಸಾಹೇಬರು ಚಹಾ ತರಿಸಿದರು. “ಲಾರಿ ಇವ್ರ ತಮ್ಮಂದಂತ. ಇವ್ರ ಮುಂದಿಂದು ತಗದುಬಿಡ್ರಿ” ಎಂದರು. ತೆಗೆದೆ. ಒಂದು ಗುಂಡಿ ಒತ್ತಿದೆ, ‘ಅನರ್ಹ’ ಹೋಯಿತು. ಅವನ ಚಹಾ ಇನ್ನೂ ಆರಿರಲಿಲ್ಲ.

ಅವನು ಹೋದ ಮೇಲೆ ಧೈರ್ಯ ಮಾಡಿ, “ಸರ್, ಹಂಗಾದ್ರ ಹೊರಗ ಕುಂತಾಕೀದೂ ತಗೀಲೇನ್ರಿ?” ಎಂದೆ.

“ಆಕೀದು ತಗದ್ರ ಯಾಕ ತಗದ್ವಿ ಅಂತ ಬರೀಬೇಕು. ಬರದ್ರ ಧಣಿ ಹೆಸರು ಬರ್ತೈತಿ. ನಿಮ್ಮ ಫೈಲು ಇನ್ನೂ ನನ್ನ ಟೇಬಲ್ ಮ್ಯಾಲ ಐತಿ, ನೋಡ್ರಿ.”

ನೋಡಿದೆ. ಹೊರಗೆ ಬಂದು ಅವಳಿಗೆ, “ಕಂಪ್ಯೂಟರ್ ಒಪ್ಪವಲ್ದವ್ವಾ” ಎಂದೆ.

ಅವಳು ನಂಬಿದಳು. ನನ್ನ ಮುಖ ಸಣ್ಣದಾಗಿದ್ದು ನೋಡಿ ನನಗೇ ಸಮಾಧಾನ ಹೇಳಿದಳು. “ನೀನರ ಏನ್ ಮಾಡ್ತಿ, ಮಿಷಿನ್ನು ಅದು. ಒಳಗ ಕೆಲಸ ಇರ್ತಾವ, ಹೋಗಿ ಬಾ.” ಮರುದಿನದಿಂದ ಅವಳು ಬರಲಿಲ್ಲ. ಬಸ್ಸಿನ ಖರ್ಚಾದರೂ ಉಳಿಯಿತಲ್ಲ ಎಂದು ಅಂದುಕೊಂಡೆ, ನಾಚಿಕೆಗೆಟ್ಟವನು.

ನಾನು ಕಾಯಂ ಆದೆ. ಅನರ್ಹರನ್ನು ಪತ್ತೆ ಹಚ್ಚಿದ್ದಕ್ಕೆ ಶಾಲು ಹೊದಿಸಿದರು, ಬಡವರ ಪಾಲು ಬಡವರಿಗೇ ಸೇರಿಸಿದ ಯುವಕ ಎಂದು ಮೈಕಿನಲ್ಲಿ ಹೊಗಳಿದರು. ಆ ಶಾಲು ಈಗಲೂ ಟ್ರಂಕಿನಲ್ಲಿದೆ, ಹೊದೆಯಲು ಆಗುವುದಿಲ್ಲ, ಎಸೆಯಲೂ ಆಗುವುದಿಲ್ಲ.

ಎರಡು ವರ್ಷ ತಡೆದೆ. ಅಷ್ಟರಲ್ಲಿ ಆ ಸಾಹೇಬರೂ ವರ್ಗವಾಗಿ ಹೋಗಿದ್ದರು. ಗುಂಡಿ ಒತ್ತಿ ಅವಳ ಹೆಸರು ಸರಿಮಾಡಿ, ದೊಡ್ಡ ಉಪಕಾರಿಯ ಹಾಗೆ ಕುರುಗೋಡಿನ ಬಸ್ಸು ಹತ್ತಿದೆ. ಅವಳು ಒಲೆಯ ಮುಂದೆ ಮಾರುವ ರೊಟ್ಟಿ ಬಡಿಯುತ್ತಿದ್ದಳು. ಮಲಗುವ ಹೊರಸನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದಳು, ಅಕ್ಕ ಎಲ್ಲೂ ಕಾಣಲಿಲ್ಲ.

“ಅಕ್ಕ?” ಎಂದೆ.

“ಹ್ವಾದ್ಲು. ನಾನು ರೊಟ್ಟಿ ಮಾರಾಕ ಹೋಗಿದ್ದೆ, ಮನ್ಯಾಗ ಒಬ್ಬಾಕಿನ ಇದ್ಲು. ಒಲಿ ಹಚ್ಚಾಕ ಹೋಗಿ ಸೀರಿಗೆ ಬೆಂಕಿ ಹತ್ತಿಸಿಕೊಂಡ್ಲು. ಅಕ್ಕಿ, ಪಗಾರ ಬರ್ತಿದ್ರ ನಾನು ಆಕಿನ್ನ ಬಿಟ್ಟು ಹೋಗ್ತಿದ್ದಿಲ್ಲ.”

ಕಾರ್ಡು ಸರಿಯಾಯಿತು ಎಂದು ಹೇಳಿದೆ. ಯಾರು ಮಾಡಿದರು ಎಂದು ಕೇಳಿದಳು. ಆಗ ಬಾಯಿಬಿಟ್ಟೆ. ಗಿರಣಿ ಮಾಲೀಕನದು, ಸಾಹೇಬರದು, ಫೈಲಿನದು, ಕಂಪ್ಯೂಟರ್ ಒಪ್ಪವಲ್ದು ಎಂದಿದ್ದು ಸುಳ್ಳು ಎಂಬುದು, ಎಲ್ಲ ಹೇಳಿದೆ.

ಅವಳು ಹಂಚಿನ ಮೇಲಿನ ರೊಟ್ಟಿಯನ್ನೇ ನೋಡುತ್ತಿದ್ದಳು. “ಎಷ್ಟೊತ್ತಿನ ಕೆಲಸ ಇತ್ತು ಅದು?”

“ಆ ರೊಟ್ಟಿ ಬೇಯೂವಷ್ಟೂ ಇಲ್ಲವ್ವಾ.”

ರೊಟ್ಟಿಯನ್ನು ಮಗುಚಿ ಹಾಕಿದಳು. ಬೆಂದ ಮೇಲೆ ತೆಗೆದು ನನ್ನ ಮುಂದೆ ತಾಟಿನಲ್ಲಿ ಹಾಕಿ, “ಉಣ್ಣು” ಎಂದಳು. ಉಂಡೆ. ಕೈ ತೊಳೆದೆ. ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತ ಬೇಕೆಂದೇ ತಡಮಾಡಿದೆ.

“ಬರ್ತೀನವ್ವಾ” ಎಂದೆ.

ಅವಳು ಇನ್ನೊಂದು ಉಂಡೆ ಹಿಟ್ಟು ಕೈಗೆತ್ತಿಕೊಂಡಳು.

“ಹೋಗು” ಎಂದಳು.