ಬುಡ ಮೇಲಾದ ಕಂಬ

ಶಕುನ, ದೃಷ್ಟಿ, ಮೈಮೇಲೆ ಬರುವುದು ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ಆದರೆ ಆ ಕಂಬದ ವಿಷಯ ಬಂದರೆ ನಗುವುದಿಲ್ಲ.

ಅರವತ್ತರ ದಶಕ. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ತುಮರಿ ಕಡೆಯ ನಮ್ಮ ಮನೆ ಮುಳುಗುವ ಪಟ್ಟಿಯಲ್ಲಿತ್ತು. ಮುತ್ತಜ್ಜ ಕಟ್ಟಿಸಿದ ಮನೆ: ಮಣ್ಣಿನ ಗೋಡೆ, ಎತ್ತರದ ಜಗಲಿ, ಅದರ ಮೇಲೆ ನಾಲ್ಕು ಚೌಕ ಕಂಬ. ಮರಮುಟ್ಟನ್ನೆಲ್ಲ ಬಿಚ್ಚಿ, ಹೊಸನಗರದ ಹತ್ತಿರ ಸಿಕ್ಕ ಜಾಗಕ್ಕೆ ಲಾರಿಯಲ್ಲಿ ತಂದು, ಅದೇ ಮನೆಯನ್ನು ಮತ್ತೆ ಎಬ್ಬಿಸುವುದೆಂದಾಯಿತು. ಅಜ್ಜಿ ಮಾತ್ರ ಜಗ್ಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವಳು ಬೆನ್ನು ಕೊಟ್ಟು ಕೂರುತ್ತಿದ್ದದ್ದು ಬಾಗಿಲ ಪಕ್ಕದ ಕಂಬಕ್ಕೆ. ಕೊನೆಗೆ, “ಅದು ಬಂದ್ರೆ ನಾನೂ ಬತ್ತೀನಿ” ಎಂದಳು.

ನಾನು ಆಗಷ್ಟೇ ಮೇಷ್ಟರಾಗಿದ್ದೆ. ಬೇಸಿಗೆ ರಜೆಯಲ್ಲಿ ಮನೆ ಎಬ್ಬಿಸುವ ಉಸ್ತುವಾರಿ ನನ್ನ ತಲೆಗೆ ಬಿತ್ತು. ನೋಡಿದರೆ ಅಜ್ಜಿಯ ಕಂಬದ ಬುಡ ಗೇಣುದ್ದ ಕೊಳೆತಿದೆ. ಅಷ್ಟನ್ನು ಕತ್ತರಿಸಿ ಕೆಳಗೆ ಕಲ್ಲು ಕೊಡೋಣ, ಕಲ್ಲು ಬರಲು ಒಂದು ವಾರವಾದೀತು ಎಂದರು ಮರಗೆಲಸದ ಆಚಾರಿ. ನನ್ನ ರಜೆ ಮುಗಿಯುತ್ತಿತ್ತು. ತಿರುಗಿಸಿ ನಿಲ್ಲಿಸಿಬಿಡಿ, ಗಟ್ಟಿ ತುದಿಯೇ ಕೆಳಗೆ ಬರಲಿ ಎಂದೆ.

“ಮರ ಬೆಳೆದ ಹಾಗೇ ನಿಲ್ಲಿಸ್ಬೇಕು ಮೇಷ್ಟ್ರೇ. ಬುಡ ಮೇಲೆ ಮಾಡ್ಬಾರ್ದು” ಎಂದರು ಆಚಾರಿ.

“ಯಾರಿಗೆ ಗೊತ್ತಾಗ್ತದೆ? ಅಜ್ಜಿಗೆ ಹೇಳ್ಬೇಡಿ, ಅಷ್ಟೆ.”

ನಾಲ್ಕೂ ಮುಖಕ್ಕೆ ಕೀಸುಳಿ ಹೊಡೆಸಿ ನುಣುಪು ಮಾಡಿಸಿ, ಕೊಳೆತ ಭಾಗ ಮಾಡಿನ ಕತ್ತಲಲ್ಲಿ ಮರೆಯಾದ ಮೇಲೆ ಬುಡ ಯಾವುದು, ತುದಿ ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಆದರೆ ಹೊಸ ಮನೆಯಲ್ಲಿ ಅಜ್ಜಿ ಒಂದು ದಿನವೂ ನೆಟ್ಟಗೆ ಕೂರಲಿಲ್ಲ. ಕಂಬಕ್ಕೆ ಒರಗುವಳು, ಏಳುವಳು, ಅಂಗಳಕ್ಕೆ ಹೋಗುವಳು, ಮತ್ತೆ ಬರುವಳು. ಊಟವೂ ನಿಂತೇ. ಎರಡು ತಿಂಗಳಲ್ಲಿ ಅರ್ಧಕ್ಕಿಳಿದಳು. ಶ್ರಾವಣದಲ್ಲಿ ನಾನು ಮನೆಗೆ ಬಂದಾಗ ಹತ್ತಿರ ಕರೆದು ಹೇಳಿದಳು: “ಒರಗಿದ್ರೆ ತಲೆಗೆ ನೀರೇರಿದ ಹಾಗಾಗ್ತದೆ ಮಗಾ. ಇದರ ಕಾಲು ಮೇಲಿದೆ.”

ಯಾರೋ ಹೇಳಿಬಿಟ್ಟಿದ್ದಾರೆ ಎಂದುಕೊಂಡೆ. ಆಚಾರಿಯನ್ನು ವಿಚಾರಿಸಿದೆ, ಮಕ್ಕಳಾಣೆ, ಯಾರಿಗೂ ಬಾಯಿಬಿಟ್ಟಿಲ್ಲ ಎಂದರು. ನಂಬಿಕೆಯಿಂದಲ್ಲ, ಅವಳ ಅವಸ್ಥೆ ನೋಡಲಾರದೆ ಕಲ್ಲು ತರಿಸಿದೆ. ಒಂದು ಸೋಮವಾರ, ಮಳೆ ಬಿಟ್ಟ ಬೆಳಿಗ್ಗೆ, ತೊಲೆಗೆ ಆಸರೆ ಕೊಟ್ಟು ಕಂಬ ಇಳಿಸಿದೆವು.

ಮೇಲಿದ್ದ ಬುಡ ಒದ್ದೆಯಾಗಿತ್ತು, ಕೆಸರು ಮೆತ್ತಿತ್ತು. ಮಾಡು ಸೋರಿರಬೇಕೆಂದು ಹತ್ತಿ ನೋಡಿದೆ. ಹಂಚು ಸರಿಯಾಗಿತ್ತು, ತೊಲೆ ಒಣಗಿಯೇ ಇತ್ತು. ಆಚಾರಿ ಕತ್ತರಿಸಿದ ತುಂಡನ್ನು ಅಜ್ಜಿ ಕೈಗೆ ತೆಗೆದುಕೊಂಡು ಮೂಸಿದಳು.

“ನಮ್ಮ ಅಂಗಳದ ಮಣ್ಣು” ಎಂದಳು. “ನೀರು ಬಂತು ಅಲ್ಲಿಗೆ.”

ಕಂಬ ಸರಿಯಾಗಿ ನಿಂತ ಮೇಲೆ ಅದಕ್ಕೆ ಬೆನ್ನು ಕೊಟ್ಟು ಕೂತವಳು ಸಂಜೆಯವರೆಗೆ ನಿದ್ದೆಹೋದಳು. ನಾಲ್ಕನೆಯ ದಿನ ತುಮರಿಯಿಂದ ನೆಂಟರೊಬ್ಬರು ಬಂದರು. ಸೋಮವಾರ ಬೆಳಿಗ್ಗೆ ನಮ್ಮ ಹಳೇ ಜಗಲಿಗೆ ನೀರು ಹತ್ತಿತಂತೆ.

ಎಷ್ಟೋ ವರ್ಷದ ಒಡನಾಟ, ಕಂಬ ತಿರುಗಿದ್ದು ಅವಳ ಬೆನ್ನಿಗೆ ತಿಳಿದಿರಬಹುದು. ಕೆಸರಿಗೆ ಏನು ಹೇಳಲಿ? ನನ್ನ ತಪ್ಪನ್ನು ಅವಳ ಮುಂದೆ ಒಪ್ಪಿಕೊಳ್ಳಲೂ ಇಲ್ಲ, ಅವಳು ಕೇಳಲೂ ಇಲ್ಲ. ಈಗ ಅವಳಿಲ್ಲ. ಜಗಲಿಯಲ್ಲಿ ಅವಳ ಜಾಗದಲ್ಲೇ ಕೂರುತ್ತೇನೆ, ಆದರೆ ಆ ಕಂಬಕ್ಕೆ ಒರಗುವುದಿಲ್ಲ.