ಹಿಮದ ಮೇಲೆ ಎಳೆದ ಗೆರೆ

ಕುವೈತಿನಲ್ಲಿ ಬೆಟ್ಟವಿಲ್ಲ. ಹವಲ್ಲಿ ಬಡಾವಣೆಯ ನಮ್ಮ ಕಟ್ಟಡದ ಮೆಟ್ಟಿಲುಗಳಲ್ಲೇ ನಮ್ಮ ತಯಾರಿ ನಡೆಯಿತು. ಬೆನ್ನಚೀಲದಲ್ಲಿ ನೀರಿನ ಬಾಟಲಿ ತುಂಬಿಕೊಂಡು ನಾನೂ ಮಗಳೂ ದಿನಾ ಸಂಜೆ ಹತ್ತಿ ಇಳಿಯುತ್ತಿದ್ದೆವು. ಕಟ್ಟಡ ನೋಡಿಕೊಳ್ಳುವ ಹಾರಿಸ್ ಪಾಪ, ಮೊದಮೊದಲು ಓಡಿಬಂದು "ಲಿಫ್ಟ್ ಚಾಲೂ ಹೈ ಸರ್" ಎನ್ನುತ್ತಿದ್ದ. ಆಮೇಲೆ ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡು ಸುಮ್ಮನಾದ.

ಹುಚ್ಚು ಹಿಡಿದದ್ದು ಮಗಳಿಗೆ. ಇಲ್ಲೇ ಹುಟ್ಟಿ, ಕೊಂಕಣಿಯಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಮುಕ್ಕಾಲು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ, ಸಪಾಟು ನೆಲದಲ್ಲಿ ಬೆಳೆದ ಹುಡುಗಿಗೆ ಹಿಮದ ಬೆಟ್ಟ ಹತ್ತಬೇಕಂತೆ. ಕುವೈತಿನ ಇಕಾಮಾ, ಅಂದರೆ ವಾಸದ ಪರವಾನಗಿ, ಇದ್ದವರಿಗೆ ಜಾರ್ಜಿಯಾಕ್ಕೆ ಹೋಗಲು ವೀಸಾದ ತಾಪತ್ರಯವಿಲ್ಲ. ಅಲ್ಲಿನ ಕಾಜ್‌ಬೆಗ್ ಶಿಖರವನ್ನು ಅವಳೇ ಗೊತ್ತುಮಾಡಿದಳು. ಅಪ್ಪ ಜೊತೆಗಿದ್ದರೆ ಮಾತ್ರ ಎಂದು ಅವಳ ಅಮ್ಮ ಕಡ್ಡಿ ಮುರಿದಂತೆ ಹೇಳಿದಳು. ನಾನು ಹೂಂ ಎಂದೆ. ಒಳಗೊಳಗೆ ಜಂಬವೂ ಇತ್ತು. ಕುವೈತಿನ ಬಿಸಿಲಿನಲ್ಲಿ ಇಷ್ಟು ವರ್ಷ ನಿಂತವನಿಗೆ ಬೆಟ್ಟದ ಚಳಿ ಯಾವ ಲೆಕ್ಕ?

ಬಿಸಿಲಿನಲ್ಲಿ ನಿಲ್ಲುವುದೇ ನನ್ನ ಉದ್ಯೋಗ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ನಾನು ಸೇಫ್ಟಿ ಆಫೀಸರ್. ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕೆಲಸ ಮಾಡಿಸುವಂತಿಲ್ಲ, ಆದರೆ ಬೆಳಗಿನ ಬಿಸಿಲೇನೂ ಸಾಧುವಲ್ಲ. ತಲೆ ತಿರುಗಿದರೂ ಯಾರೂ ಬಾಯಿ ಬಿಡುವುದಿಲ್ಲ. "ಕುಛ್ ನಹೀಂ ಸರ್" ಎಂದು ನಗುತ್ತಾರೆ. ಅದಕ್ಕೆ ನನ್ನದೊಂದು ಪರೀಕ್ಷೆ ಉಂಟು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಅದರ ಮೇಲೆ ನಡೆಸುತ್ತೇನೆ. ಕಾಲು ಆಚೀಚೆ ಬಿತ್ತೋ, "ಖಲಾಸ್ ಭಾಯಿ, ನೀಚೆ" ಎಂದು ಕೆಳಗೆ ಕಳಿಸಿಬಿಡುತ್ತೇನೆ. ಎಷ್ಟು ಗೋಗರೆದರೂ ಕಿವಿಗೊಡುವುದಿಲ್ಲ. ಊಟಕ್ಕೆ ಕೂತಾಗ ಈ ಕಥೆಗಳನ್ನು ಕೇಳಿಕೊಂಡೇ ಮಗಳು ದೊಡ್ಡವಳಾದದ್ದು.

ಬಕ್ರೀದ್ ರಜೆಯಲ್ಲಿ ಹೊರಟೆವು. ಹಿಮನದಿಯ ಅಂಚಿನಲ್ಲಿರುವ, ಹತ್ತುವವರು ತಂಗುವ ಕಲ್ಲಿನ ಮನೆಯನ್ನು ತಲುಪಿದ ದಿನವೇ ಹಿಮ ಸುರಿಯತೊಡಗಿತು. ಮರುದಿನ ಗಾಳಿ. ಧೂಳು ಎದ್ದ ದಿನ ಹವಲ್ಲಿಯಲ್ಲಿ ಎದುರಿನ ಕಟ್ಟಡ ಮಾಯವಾಗುವ ಹಾಗೆ ಇಲ್ಲಿ ಎದುರಿನ ಬಂಡೆ ಮಾಯವಾಯಿತು, ಬಣ್ಣ ಮಾತ್ರ ಬೇರೆ. ನಮ್ಮ ಗೈಡ್, ಮಾತು ಕಡಿಮೆಯ ಮನುಷ್ಯ, ಹೊಸ ಹಿಮವನ್ನು ಕೈಯಿಂದ ಅಗೆದು ನೋಡಿ ಬೇಡವೆಂದು ತಲೆಯಾಡಿಸಿದ. ಅದು ಹಳೆಯ ಹಿಮಕ್ಕೆ ಕಚ್ಚಿಕೊಳ್ಳುವವರೆಗೆ ಕಾಯಬೇಕು, ಕೆಳಗಿನ ಬಿರುಕುಗಳೂ ಈಗ ಕಾಣುವುದಿಲ್ಲ ಎಂದ.

ಅದರ ಮಾರನೆಯ ದಿನ ಆಕಾಶ ತಿಳಿಯಾಯಿತು. ನಾಳೆ ಮಧ್ಯಾಹ್ನದವರೆಗೆ ಮಾತ್ರ ಹವೆ ಚೆನ್ನಾಗಿರುತ್ತದೆ, ಬೆಳಕು ಹರಿಯುವ ಮೊದಲೇ ಹಿಮ ಗಟ್ಟಿಯಿರುವಾಗ ಹೊರಡೋಣ ಎಂದ ಗೈಡ್. ಮೂವರೂ ಒಂದೇ ಹಗ್ಗಕ್ಕೆ. ದಾರಿಯಲ್ಲಿ ಒಬ್ಬರಿಗೆ ಆಗದಿದ್ದರೆ ಎಲ್ಲರೂ ವಾಪಸ್. ರಜೆ ಮುಗಿಯುತ್ತ ಬಂದಿತ್ತು, ಮಗಳಿಗೆ ಇದ್ದದ್ದು ಅದೊಂದೇ ಅವಕಾಶ.

ಇತ್ತ ನನ್ನ ತಲೆ ಹಿಂದಿನ ದಿನದಿಂದಲೇ ಸಿಡಿಯುತ್ತಿತ್ತು. ಕುವೈತಿನಲ್ಲಿ ತಲೆನೋವು ಬಂದರೆ ನಾವು ಬೇರೇನೂ ಯೋಚಿಸುವುದಿಲ್ಲ, ನೀರು ಸಾಲಲಿಲ್ಲ ಎಂದು ಎರಡು ಬಾಟಲಿ ಕುಡಿಯುತ್ತೇವೆ. ಅದೇ ಅಭ್ಯಾಸದಲ್ಲಿ ಹಿಮ ಕರಗಿಸಿದ ನೀರನ್ನು ಲೋಟಗಟ್ಟಲೆ ಕುಡಿದೆ. ನೋವು ಇಳಿಯಲಿಲ್ಲ, ಊಟ ಸೇರಲಿಲ್ಲ. ಎತ್ತರ ಒಗ್ಗುತ್ತಿಲ್ಲ ಎಂಬುದು ತಲೆಗೆ ಹೋಗಲಿಲ್ಲ, ಅಥವಾ ಹೋಗಲು ನಾನು ಬಿಡಲಿಲ್ಲ. ಗೈಡ್ ಕೇಳಿದಾಗ ಹೆಬ್ಬೆರಳು ಎತ್ತಿ ನಕ್ಕೆ.

ಮಗಳು ನನ್ನನ್ನೇ ನೋಡುತ್ತಿದ್ದಳು. "ಪಪ್ಪಾ, ಒನ್ ಮಿನಿಟ್, ಹೊರಗೆ ಬನ್ನಿ" ಎಂದಳು. ಹಿಮ ಕಡಿಯುವ ಕೊಡಲಿಯ ತುದಿಯಿಂದ ಅಂಗಳದ ಹಿಮದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.

"ವಾಕ್."

"ಎಂತ ಮಕ್ಕಳಾಟ ಇದು? ನಂಗೆಂತ ಆಗ್ಲಿಲ್ಲ ಮಾರಾಯ್ತಿ."

"ಸೈಟಲ್ಲಿ ಅವ್ರೆಲ್ಲ ಹಾಗೇ ಹೇಳೋದಂತ ನೀವೇ ಹೇಳ್ತೀರಲ್ಲ. ಪ್ಲೀಸ್, ವಾಕ್."

ಸಿಟ್ಟು ನೆತ್ತಿಗೇರಿತು. ನಡೆದೆ. ಎರಡು ಹೆಜ್ಜೆ ಸರಿಯಾಗಿಯೇ ಬಿತ್ತು, ಆಮೇಲಿನದು ಗೆರೆ ಬಿಟ್ಟು ಎಲ್ಲೋ ಹೋಯಿತು. ಮಂಡಿಯೂರಿ ಕೂತುಬಿಟ್ಟೆ. ಬೂಟು ಭಾರ, ಹಿಮ ಮೆತ್ತಗಿದೆ ಎಂದೆ. ಅವಳು ಅಂಥದ್ದೇ ಬೂಟಿನಲ್ಲಿ ಅದೇ ಗೆರೆಯ ಮೇಲೆ ಹೋಗಿ ಬಂದು ತೋರಿಸಿದಳು.

"ಖಲಾಸ್ ಭಾಯಿ," ಎಂದಳು. ಮುಖ ತಿರುಗಿಸಿ ಕೊಡಲಿಗೆ ಅಂಟಿದ ಹಿಮ ಒರೆಸಿದಳು. "ನೀಚೆ."

ಅವಳೇ ಒಳಗೆ ಹೋಗಿ ಗೈಡ್‌ಗೆ ಹೇಳಿದಳು. ಇಲ್ಲಿ ಇನ್ನೊಂದು ರಾತ್ರಿಯೂ ಬೇಡ ಎಂದು ಅವನು, ಇಳಿಯಲು ಹೊರಟಿದ್ದ ಗುಂಪಿನ ಜೊತೆ ನನ್ನನ್ನು ಆಗಲೇ ಕಳಿಸಿದ. ಮರುದಿನ ಹತ್ತಲು ಮಗಳು ಅವನೊಂದಿಗೆ ಮೇಲೆಯೇ ಉಳಿದಳು. ಕೆಳಗಿನ ಹಳ್ಳಿ ಹತ್ತಿರವಾದಂತೆ ತಲೆನೋವು ತಾನಾಗಿ ಇಳಿಯಿತು. ನಾಚಿಕೆ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ವಸತಿಗೃಹದ ಜಗಲಿಯಿಂದ ನೋಡಿದರೆ ಶಿಖರ ಬೆಳ್ಳಗೆ ಹೊಳೆಯುತ್ತಿತ್ತು. ಮಧ್ಯಾಹ್ನ ಗೈಡ್ ಹೇಳಿದಂತೆಯೇ ಮೋಡ ಬಂದು ಎಲ್ಲವನ್ನೂ ಮುಚ್ಚಿತು. ಕೂತಲ್ಲಿ ಕೂರಲಾಗಲಿಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡು ದಾರಿ ಕಾಯುವುದು ಎಂದರೇನೆಂದು ಗೊತ್ತಾಯಿತು.

ಸಂಜೆ ಬಂದಳು. ಮೂಗು ಸುಟ್ಟು ಕೆಂಪಾಗಿತ್ತು.

"ಮುಟ್ಟಿದೆಯಾ ತುದಿ?"

"ಹ್ಞೂಂ. ತುಂಬಾ ಗಾಳಿ. ಆದ್ರೆ ಇನ್ನೊಬ್ರು ನಿಲ್ಲೋಕೆ ಜಾಗ ಇತ್ತು ಪಪ್ಪಾ."

ನನ್ನ ಎದುರು ಬೆಂಚಿನ ಮೇಲೆ ಕೂತು ಬೂಟಿನ ದಾರಕ್ಕೆ ಕೈ ಹಾಕಿದಳು. ತಲೆಯೆತ್ತದೆ ಹೇಳಿದಳು: "ಆ ಲೈನ್ ಎಳೆಯೋದೇ ಬೇಡ ಅಂತ ಇತ್ತು ನಂಗೆ. ನಿಮ್ಮ ಜೊತೆನೇ ಹೋಗ್ಬೇಕಂತ ಇತ್ತು. ನಾನು ಸುಮ್ನೆ ಇದ್ದಿದ್ರೆ ನೀವು ಬರ್ತಿದ್ರಿ, ಅಲ್ವಾ?"

"ಬರ್ತಿದ್ದೆ," ಎಂದೆ.

ಆಗ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಕೆಳಗೆ ಕೂತು ಅವಳ ಇನ್ನೊಂದು ಬೂಟಿನ ದಾರ ಬಿಚ್ಚಿದೆ.