ಕೊಳವೆ ತೊಳೆಯುವ ನನ್ನ ತಮ್ಮ

ನನ್ನ ತಮ್ಮ ಆಸ್ಪತ್ರೆಯಲ್ಲಿ ಕೊಳವೆ ತೊಳೆಯುತ್ತಾನೆ. ಮೈಯೊಳಗೆ ಇಳಿಸಿ ನೋಡುವ, ತುದಿಯಲ್ಲಿ ದೀಪವೂ ಕ್ಯಾಮೆರಾವೂ ಇರುವ, ಪೆನ್ಸಿಲಿಗಿಂತ ಸಣ್ಣ ಕೊಳವೆ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಬ್ರಷ್ಷು ತೂರಿಸಿ ಎಳೆಯುತ್ತಾನೆ, ನೀರು ಹಾಯಿಸುತ್ತಾನೆ, ಗಾಳಿ ಊದಿ ಒಣಗಿಸುತ್ತಾನೆ, ಭೂತಗನ್ನಡಿ ಹಿಡಿದು ನೋಡುತ್ತಾನೆ. ಆಮೇಲೆ ಪೊಟ್ಟಣ ಕಟ್ಟಿ, ಕ್ರಿಮಿ ಸಾಯಿಸುವ ಯಂತ್ರಕ್ಕೆ ಹಾಕುತ್ತಾನೆ. ಹಾಗೆ ಹೊರಬಂದ ಪೊಟ್ಟಣವನ್ನು ಆಪರೇಷನ್ ಶುರುವಾಗುವಾಗ ಮಾತ್ರ ಬಿಚ್ಚಬೇಕು. ಮನೆಯಲ್ಲೂ ತಾನು ಕುಡಿದ ಲೋಟವನ್ನು ಬೇರೆಯವರಿಗೆ ತೊಳೆಯಲು ಕೊಡುವವನಲ್ಲ. ಅವನ ಹೆಂಡತಿ ಅವನಿಗೆ ಉಜ್ಜಪ್ಪ ಎಂದೇ ಹೆಸರಿಟ್ಟಿದ್ದಾಳೆ.

ಹೋದ ವರ್ಷ ನನ್ನ ತಲೆಯೊಳಗೆ ನೀರುಗುಳ್ಳೆ ಎದ್ದಿತು. ನಡೆದರೆ ಗೋಡೆ ಹಿಡಿಯಬೇಕು, ಬೆಳಿಗ್ಗೆ ಎದ್ದರೆ ವಾಂತಿ. ಗುಳ್ಳೆ ಮಿದುಳಿನ ನೀರು ಹರಿಯುವ ದಾರಿಗೆ ಅಡ್ಡ ಕೂತಿದೆ, ಹೀಗೇ ಬಿಟ್ಟರೆ ಕಣ್ಣು ಹೋಗುತ್ತದೆ ಎಂದರು ಡಾಕ್ಟರಮ್ಮ. ಬುರುಡೆಯಲ್ಲಿ ಬೆರಳಗಲ ತೂತು ಮಾಡಿ, ತಮ್ಮ ತೊಳೆಯುವ ಅದೇ ಕೊಳವೆ ಇಳಿಸಿ, ಗುಳ್ಳೆ ಸೀಳಿ ನೀರಿಗೆ ದಾರಿ ಬಿಡುವುದಂತೆ.

ಆಪರೇಷನ್ ದಿನ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಮಂಚವನ್ನು ಆಪರೇಷನ್ ಕೋಣೆಯ ಬಾಗಿಲ ತನಕ ತಳ್ಳಿ ನಿಲ್ಲಿಸಿದರು. ಒಳಗಿನಿಂದ ಡಾಕ್ಟರಮ್ಮನ ದನಿ ಕೇಳಿತು.

"ಈ ಪೊಟ್ಟಣ ಯಾರ್ರೀ ಬಿಚ್ಚಿದ್ದು?"

"ನಾನೇ ಮೇಡಂ." ತಮ್ಮನ ದನಿ. "ಒಂದ್ಸಲ ನೋಡೋಣ ಅಂತ."

"ನಿನ್ನೆ ತೊಳೆದಿದ್ದು ಯಾರು?"

"ಅದೂ ನಾನೇ."

"ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಇದೆ ಮೇಡಂ. ಆದ್ರೆ ಇವತ್ತು ತಲೆ ನಮ್ಮಕ್ಕಂದು."

ಬಿಚ್ಚಿದ ಮೇಲೆ ಎಷ್ಟೇ ಚೊಕ್ಕವಿದ್ದರೂ ಅದು ಮತ್ತೆ ಯಂತ್ರಕ್ಕೆ ಹೋಗಲೇಬೇಕು. ಇನ್ನೊಂದು ಕೊಳವೆ ರಿಪೇರಿಗೆ ಹೋಗಿತ್ತು. ಮೂರು ಗಂಟೆ ತಡ. ತಮ್ಮ ಹೊರಗೆ ಬಂದು ನನ್ನ ಪಕ್ಕ ನಿಂತ, ತಲೆ ಎತ್ತಲಿಲ್ಲ.

"ಹಸಿವಾಗ್ತಿದೆಯಾ ಅಕ್ಕಾ?"

"ಹೊಟ್ಟೆ ತಾಳ ಹಾಕ್ತಿದೆ ಕಣೋ. ನಿಂತ್ಕೊಂಡು ಏನ್ಮಾಡ್ತೀಯ, ಹೋಗಿ ಉಜ್ಜು."

ನಗಲು ನೋಡಿದ, ಆಗಲಿಲ್ಲ. ಈ ಸಲ ತೊಳೆದದ್ದು ಅವನೇ. ಪೊಟ್ಟಣ ಮಾತ್ರ ನರ್ಸಮ್ಮನ ಕೈಯಲ್ಲಿ ಕಟ್ಟಿಸಿ, ತನ್ನ ಎರಡೂ ಕೈ ಬೆನ್ನ ಹಿಂದೆ ಹಿಡಿದುಕೊಂಡು ಯಂತ್ರದ ಮುಂದೆ ನಿಂತಿದ್ದನಂತೆ.

ಸಂಜೆ ನನಗೆ ಎಚ್ಚರವಾದಾಗ ಎದುರಿಗೇ ಇದ್ದ.

"ಆಪರೇಷನ್ ಕೋಣೆ ಟೀವೀಲಿ ನೋಡ್ದೆ ಅಕ್ಕಾ. ಸೀಳಿದ ಕೂಡ್ಲೇ ತಿಳಿನೀರು ಹರೀತು. ಈಗ ಒಳಗೆಲ್ಲ ಖಾಲಿ."

"ಖಾಲಿ ಅಂತ ನಿಮ್ಮ ಭಾವ ಬದುಕಿದ್ದಾಗ್ಲೇ ಹೇಳ್ತಿದ್ರು."

ಅವನಿಗೆ ನಗು ಬರಲಿಲ್ಲ. ನನ್ನ ಮುಖದ ಮುಂದೆ ಬೆರಳು ಹಿಡಿದ. "ಎಷ್ಟು ಹೇಳು?"

"ಮೂರು. ನಡುವಿನ ಬೆರಳಲ್ಲಿ ಉಗುರಿನ ಹತ್ರ ಸಿಪ್ಪೆ ಎದ್ದಿದೆ. ಎಣ್ಣೆ ಹಚ್ಕೋ."

ಆಗ ಸ್ಟೂಲು ಎಳೆದುಕೊಂಡು ಕೂತ.